ಎರಡು ತಳದ ಡಬ್ಬಿ

"ತಡೀರಿ, ಕೆಳಗ ಇನ್ನೊಂದು ಪದರ ಇರಬೇಕು," ಎಂದು ಬಾಯವ್ವ ಪೇಢೆಯ ಡಬ್ಬಿಯೊಳಗೆ ಉಗುರು ತೂರಿಸಿದಾಗ ಕಲ್ಮೇಶ ಕೂತಲ್ಲಿಂದ ಅರ್ಧ ಎದ್ದ.

ಮುನವಳ್ಳಿಯ ಆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಓಣಿಯ ಹೆಂಗಸರನ್ನೆಲ್ಲ ಕೂರಿಸಿದ್ದರು. ಕಲ್ಮೇಶನ ತಂಗಿ ಅನ್ನಪೂರ್ಣಾಳನ್ನು ಬಾಯವ್ವನ ಮಗನಿಗೆ ಕೊಡುವುದೆಂದು ಮೊನ್ನೆಯಷ್ಟೇ ಮಾತು ಮುಗಿದಿತ್ತು. ಹೆಣ್ಣಿನ ಕಡೆಯವರು ಮೊದಲ ಸಲ ಬೀಗರ ಮನೆಗೆ ಸಿಹಿ ತಂದ ದಿನ ಇದು. ತಂದೆ ತೀರಿಕೊಂಡಿದ್ದರಿಂದ ಬೈಲಹೊಂಗಲದಿಂದ ತಾಯಿ ಸುಂದರವ್ವನ ಜೊತೆ ಹಿರಿಯನಾಗಿ ಬಂದವನು ಕಲ್ಮೇಶನೇ. ತಂದದ್ದು ಅರ್ಧ ಕಿಲೋದ ನಾಲ್ಕು ಡಬ್ಬಿ. ಅಷ್ಟಿದ್ದರೆ ಓಣಿಗೆಲ್ಲ ಹಂಚಿ ಉಳಿಯುತ್ತದೆ ಎಂದು ಬಾಯವ್ವ ಧಾರಾಳವಾಗಿ ಎರಡೆರಡು ಕೊಡುತ್ತ ಬಂದಿದ್ದಳು. ಈಗ ನಾಲ್ಕನೆಯ ಡಬ್ಬಿಯೂ ಬರಿದಾಗಿತ್ತು. ಹಿಂದಿನ ಸಾಲಿನ ಮೂವರಿಗೆ ಇನ್ನೂ ಸಿಕ್ಕಿರಲಿಲ್ಲ. ಅವರಲ್ಲಿ ಮುದುಕಿ ಕೆಂಪವ್ವ ಚಾಚಿದ ಅಂಗೈಯನ್ನು ಹಿಂದೆ ತೆಗೆದುಕೊಳ್ಳದೆ ಕಾಯುತ್ತಿದ್ದಳು.

ಸುಂದರವ್ವ ಸುಮ್ಮನೆ ಕೂತಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆದರೆ ಮಗನ ಮೇಲಿನ ಅಭಿಮಾನ ಅವಳ ಬಾಯಿಗೆ ಬೀಗ ಹಾಕಲು ಬಿಟ್ಟಿರಲಿಲ್ಲ. ಮೊದಲ ಡಬ್ಬಿ ಬಿಚ್ಚುವಾಗಲೇ, "ಅಕ್ಕಾರ, ಈ ಡಬ್ಬಿ ನಮ್ಮ ಕಲ್ಮೇಶನ ಮಾಡಿದ್ದ ನೋಡ್ರಿ. ಒಂದ ಹಾಳಿ, ಅಂಟಿಲ್ಲ, ಪಿನ್ನಿಲ್ಲ. ಬರೇ ಮಡಚಿಕೇಲೆ ಮಾಡ್ಯಾನ," ಎಂದು ಹೇಳಿ ಮುಗಿಸಿದ್ದಳು. ಹೆಂಗಸರು ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ್ದರು.

ಸುಂದರವ್ವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೈಲಹೊಂಗಲದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಅಚ್ಚುಹಾಕುತ್ತಿದ್ದ ಕಲ್ಮೇಶನಿಗೆ ಉಳಿದ ರಟ್ಟಿನ ತುಂಡು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಮಿರ್ಚಿ ಭಜಿಗೆ ಎಣ್ಣೆ ಸೋರದ ಪೊಟ್ಟಣ, ಬಳೆಗೆ ಉದ್ದನೆಯ ಡಬ್ಬಿ, ಮಂಡಕ್ಕಿ ಗಿರ್ಮಿಟ್ಟಿಗೆ ಹಿಡಿಕೆಯ ದೊನ್ನೆ, ಹೀಗೆ ಏನೇನೋ ಕತ್ತರಿಸಿ ಮಡಚಿ ಅಂಗಡಿಯವರಿಗೆ ತೋರಿಸುತ್ತಿದ್ದ. ಪೇಢೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿಕೊಡುತ್ತಿದ್ದ ಕಾಲ ಮುಗಿಯುತ್ತ ಬಂದಿತ್ತು. ಬಜಾರದ ಮಿಠಾಯಿ ಅಂಗಡಿಯ ಪರಪ್ಪ ಅವನನ್ನು ಕರೆದು ಕೂರಿಸಿ ಚಹಾ ಕುಡಿಸಿ ಮೆಲ್ಲಗೆ ಕೇಳಿದ್ದ.

"ಡಬ್ಬಿ ಅರ್ಧ ಕಿಲೋದ್ದು ಕಾಣಬೇಕು, ಮಾಲು ಮಾತ್ರ ಕಡಿಮಿ ಹಿಡೀಬೇಕು. ಆಕ್ಕೈತೇನೋ?"

"ಯಾಕ ಆಗೂದಿಲ್ರಿ?" ಎಂದುಬಿಟ್ಟಿದ್ದ ಕಲ್ಮೇಶ.

ಆಮೇಲೆ ಊಟದ ತಾಟಿನ ಮುಂದೆಯೂ ಕಾಗದ ಮಡಚುತ್ತ ಕೂತ. ಕೊನೆಗೊಂದು ದಿನ ಹೊಳೆಯಿತು. ಎರಡೂ ಬದಿಯ ರಟ್ಟಿನ ಕಿವಿಗಳನ್ನು ಒಳಗೆ ಮಡಚಿದರೆ ಅವು ಕಟ್ಟೆಯ ಹಾಗೆ ನಿಂತು, ನಿಜವಾದ ತಳದಿಂದ ಎರಡು ಬೆರಳು ಮೇಲೆ ಇನ್ನೊಂದು ತಳವಾಗುತ್ತಿತ್ತು. ಅದರ ಮೇಲೆ ಬೆಣ್ಣೆಕಾಗದ ಹಾಸಿದರೆ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಇದರಿಂದ ಯಾರಿಗೆ ಮೋಸ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ ಎಂದರೆ ಅದೂ ಸುಳ್ಳಾದೀತು. ಹೊಳೆದಿತ್ತು. ಆದರೆ ಗಿರಾಕಿ ಎಂದರೆ ಯಾವುದೋ ಊರಿನ ಯಾರೋ, ತಾನೂ ಅಲ್ಲ, ತನ್ನವರೂ ಅಲ್ಲ ಎಂದುಕೊಂಡಿದ್ದ.

ಅಂದಿನಿಂದ ಅಂಥ ಡಬ್ಬಿಯಲ್ಲೇ ಪೇಢೆ ಮಾರುತ್ತಿದ್ದ ಪರಪ್ಪನಿಗೆ, ಮುನವಳ್ಳಿಗೆ ಹೊರಟ ಬೆಳಿಗ್ಗೆ ಬಿಡಿಸಿಯೇ ಹೇಳಿದ್ದ. "ಇವು ನಮ್ಮ ಬೀಗರ ಮನಿಗ್ರಿ. ಕಿವಿ ಬಿಚ್ಚಿ ಪೂರ್ತಿ ತುಂಬ್ರಿ."

"ಅದನ್ನೂ ಹೇಳಬೇಕೇನೋ ಮಾರಾಯಾ?" ಎಂದು ಪರಪ್ಪ ನಕ್ಕಿದ್ದ.

ಬಸ್ಸಿನಲ್ಲಿ ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡ ಕೂಡಲೇ ಕಲ್ಮೇಶನಿಗೆ ಗೊತ್ತಾಗಿಹೋಯಿತು. ಹಗುರ. ದಿನವೂ ಹಿಡಿದ ಡಬ್ಬಿ, ಕೈಗೆ ಮೋಸವಾಗುವುದು ಹೇಗೆ? ಯರಗಟ್ಟಿಯಲ್ಲಿ ಬಸ್ಸು ನಿಂತಾಗ ಎದುರಿಗೇ ಮಿಠಾಯಿ ಅಂಗಡಿಯಿತ್ತು. ಇಳಿದು ಇನ್ನೊಂದಿಷ್ಟು ಪೇಢೆ ತರಬಹುದಿತ್ತು. ಆದರೆ ಯಾಕೆಂದು ಅವ್ವ ಕೇಳುತ್ತಾಳೆ. ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಬೀಗರ ಮನೆಯಲ್ಲಿ ಡಬ್ಬಿಯ ತಳವನ್ನು ಯಾರು ಕೆದಕುತ್ತಾರೆ ಎಂದು ಧೈರ್ಯ ತಂದುಕೊಂಡು ಕೂತೇಬಿಟ್ಟ.

ಈಗ ಬಾಯವ್ವನ ಉಗುರು ಬೆಣ್ಣೆಕಾಗದದ ಅಡಿಗೆ ಹೋಯಿತು. ಕಿವಿ ಟಪ್ಪೆಂದು ಎದ್ದಿತು. ಕೆಳಗೆ ಪೇಢೆಯ ಪದರವಿರಲಿಲ್ಲ, ಬರೀ ಖಾಲಿ ಜಾಗ. ಬಾಯವ್ವ ಕಿವಿಯನ್ನು ಒಮ್ಮೆ ಮಡಚಿದಳು, ಒಮ್ಮೆ ಬಿಚ್ಚಿದಳು. ಹೆಂಗಸರು ಕತ್ತು ಚಾಚಿ ನೋಡಿದರು.

"ಇದೇನ ತಮ್ಮಾ, ಎರಡು ತಳ?"

"ಅದು... ತುಪ್ಪ ಇಳದು ತಳ ಹಸಿ ಆಗಬಾರದು ಅಂತ ರೀ," ಎಂದ ಕಲ್ಮೇಶ. ಗಿರಾಕಿ ಕೇಳಿದರೆ ಹೇಳಲೆಂದು ಪರಪ್ಪನಿಗೆ ತಾನೇ ಕಲಿಸಿಕೊಟ್ಟ ಮಾತು ತನ್ನ ಬಾಯಿಂದಲೇ ಬಂತು.

"ಹೌದೇನು?" ಬಾಯವ್ವ ಅವನ ಮುಖವನ್ನೊಮ್ಮೆ ನೋಡಿದಳು. "ಶ್ಯಾಣ್ಯಾ ಅದಿ."

ಅಷ್ಟೇ. ಬೈದಿದ್ದರೆ ಚಲೋ ಇತ್ತು. ಅವಳು ಎದ್ದು ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದು, ಉಳಿದ ಮೂವರ ಅಂಗೈಗೂ ಒಂದೊಂದು ಚಮಚ ಸುರಿದಳು. ಕೆಂಪವ್ವ ಸಕ್ಕರೆ ಬಾಯಿಗೆ ಹಾಕಿಕೊಂಡು, "ಸಿಹಿ ಯಾವುದಾದ್ರೇನ, ಹುಡುಗಿ ಚಲೋ ಇದ್ರ ಸಾಕು," ಎಂದಳು. ಆ ಮಾತಿಗೆ ಕಲ್ಮೇಶ ಹಿಡಿಯಷ್ಟಾದ. ನಾಳೆ ಈ ಪಡಸಾಲೆಯಲ್ಲಿ ಕಸ ಹೊಡೆಯುವವಳು, ಈ ಹೆಂಗಸರ ನಡುವೆ ಕೂರುವವಳು ಅನ್ನಪೂರ್ಣಾ. ಎರಡು ತಳದವನ ತಂಗಿ ಎಂದು ಒಬ್ಬಳು ಅಂದರೂ ಸಾಕು, ಆಕೆ ಜೀವನವಿಡೀ ಹೊತ್ತುಕೊಂಡಿರಬೇಕು. ಪಕ್ಕದಲ್ಲಿದ್ದ ಸುಂದರವ್ವ ಸೆರಗನ್ನು ಎಳೆದು ಎಳೆದು ಹೊದ್ದುಕೊಳ್ಳುತ್ತಿದ್ದಳು.

ಹೊರಡುವಾಗ ಬಾಯವ್ವ ಬಾಗಿಲತನಕ ಬಂದಳು. ಕೈಯಲ್ಲಿ ಅದೇ ಡಬ್ಬಿಯಿತ್ತು. ಮುಚ್ಚಳ ಪೂರ್ತಿ ಕೂತಿರಲಿಲ್ಲ. ಮೇಲೊಂದು ಹುರಿ ಕಟ್ಟಿದ್ದಳು.

"ಡಬ್ಬಿ ಯಾಕ್ರಿ ಅಕ್ಕಾರ? ಇರಲಿ ಬಿಡ್ರಿ," ಎಂದಳು ಸುಂದರವ್ವ.

"ಬೀಗರ ಡಬ್ಬಿ ಇಟಗೊಳ್ಳೂದು ಹೆಂಗ್ರಿ? ಬರೇದ ಕೊಡೂದು ಹೆಂಗ್ರಿ? ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ. ಶೇಂಗಾ ಉಂಡಿ ಅದಾವ, ಅನ್ನಪೂರ್ಣಾಗ ಕೊಡ್ರಿ." ಡಬ್ಬಿಯನ್ನು ಸುಂದರವ್ವನಿಗೆ ಕೊಡದೆ ಕಲ್ಮೇಶನ ಎರಡೂ ಕೈಗಳಲ್ಲಿ ಇಟ್ಟಳು. "ಸಂಭಾಳಿಸಿ ಹಿಡಿ ತಮ್ಮಾ, ಭಾರ ಐತಿ."

ಬಸ್ಸಿನಲ್ಲಿ ಸುಂದರವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಯರಗಟ್ಟಿ ದಾಟಿದ ಮೇಲೆ ಒಂದೇ ಮಾತು ಕೇಳಿದಳು. "ನಿನಗ ಮೊದಲ ಗೊತ್ತಿತ್ತೇನೋ?"

ಕಲ್ಮೇಶ ಡಬ್ಬಿಯ ಹುರಿಯನ್ನು ನೋಡುತ್ತ, "ಹ್ಞೂಂ," ಎಂದ.

ಮನೆ ಮುಟ್ಟಿದಾಗ ಅನ್ನಪೂರ್ಣಾ ಬಾಗಿಲಲ್ಲೇ ನಿಂತಿದ್ದಳು. ಅವ್ವ ಕಾಲು ತೊಳೆಯಲು ಹೋದದ್ದೇ ತಡ, ಅಣ್ಣನ ಕೈಯಿಂದ ಡಬ್ಬಿ ಇಸಿದುಕೊಂಡು ಹುರಿ ಬಿಚ್ಚಿದಳು. ಉಂಡಿಗಳು ಒತ್ತೊತ್ತಾಗಿ ತುಂಬಿದ್ದವು. ಒಂದು ಪದರ ತೆಗೆದಿಟ್ಟಳು, ಕೆಳಗೆ ಇನ್ನೊಂದು ಪದರ. ಅದನ್ನೂ ತೆಗೆದಳು, ಅದರ ಕೆಳಗೂ ಉಂಡಿ. ಕಿವಿಗಳನ್ನು ಯಾರೋ ಬದಿಯ ಗೋಡೆಗೆ ಒತ್ತಿ ಒತ್ತಿ ಮಟ್ಟಸ ಮಾಡಿದ್ದರು.

"ಅಣ್ಣಾ, ಇದು ನಿನ್ನ ಡಬ್ಬಿ ಅಲ್ಲೇನು?" ಅವಳ ಮುಖ ಅರಳಿತ್ತು. "ಯವ್ವಾ, ಎಷ್ಟ ಹಿಡಸ್ತದೋ ಇದ್ರಾಗ!"

ಕಲ್ಮೇಶ ಹೊಸ್ತಿಲ ಮೇಲೆ ಕೂತ. ಬೀಗರ ಮನೆಗೆಂದು ಹೊಲಿಸಿದ ಬಿಳಿ ಪ್ಯಾಂಟಿನ ಮೇಲೆ, ದಾರಿಯುದ್ದಕ್ಕೂ ಡಬ್ಬಿ ಕೂತಿದ್ದ ಜಾಗದಲ್ಲಿ, ಶೇಂಗಾ ಎಣ್ಣೆ ಇಳಿದು ಡಬ್ಬಿಯಗಲದ ಕಲೆಯಾಗಿತ್ತು. ತಂಗಿ ಉಂಡಿ ಮುರಿದು ಅರ್ಧವನ್ನು ಅವನ ಮುಂದೆ ಹಿಡಿದಳು. ಕಲೆಯ ಮೇಲಿಟ್ಟ ಕೈಗಳನ್ನು ಅವನು ಎತ್ತಲಿಲ್ಲ.