ಹತ್ತೊಂಬತ್ತು ದಿನದ ಥಾಮಸ್

ಹತ್ತೊಂಬತ್ತು ದಿನ ಎಂದೇ ಇತ್ತು.

ರೋಲಂಡ್ ಟೆಬಟ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಸಾಲು ಬದಲಾಗಲಿಲ್ಲ. ‘ಥಾಮಸ್, ವಿಲಿಯಂ ಟೆಬಟ್‌ನ ಮಗ, ವಯಸ್ಸು ಹತ್ತೊಂಬತ್ತು ದಿನ. ಹೂಳಿದ್ದು ೧೭೯೧, ಮಾರ್ಚ್ ಎರಡು.’ ಅಂದರೆ ತನ್ನ ಅಜ್ಜನ ಅಜ್ಜನ ಅಪ್ಪ ಹತ್ತೊಂಬತ್ತು ದಿನಕ್ಕೇ ತೀರಿಕೊಂಡಿದ್ದಾನೆ. ಅಷ್ಟರೊಳಗೆ ಮದುವೆಯಾಗಿ ಆರು ಮಕ್ಕಳನ್ನು ಹುಟ್ಟಿಸಿದ್ದು ಸಾಮಾನ್ಯ ಸಾಧನೆಯಲ್ಲ.

ಅವನಿಗೆ ನಗು ಬರಲಿಲ್ಲ. 

ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಪೇಟೆಯಿಂದ ಬಸ್ಸು ಹಿಡಿದು ಓಡ್ಲಿಂಗ್ ಎಂಬ ಈ ಹಳ್ಳಿಗೆ ಬರುತ್ತಿದ್ದ. ಲ್ಯಾಟಿನ್ ಮೇಷ್ಟರಾಗಿ ನಿವೃತ್ತನಾದವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೇಳಿಕೊಳ್ಳಲು ಒಬ್ಬ ದಾಯಾದಿಯೂ ಇಲ್ಲ. ಚರ್ಚಿನ ಪಕ್ಕದ ಈ ಸಣ್ಣ ಕೋಣೆಯಲ್ಲಿ ಕೂತು ದೀಕ್ಷಾಸ್ನಾನದ ಪುಸ್ತಕದಿಂದ ಒಬ್ಬೊಬ್ಬ ಟೆಬಟ್‌ನನ್ನೇ ಹೆಕ್ಕಿ ತನ್ನ ವಂಶವೃಕ್ಷದ ಪಟ ಮಾಡಿದ್ದ. ಸತ್ತವರ ಪುಸ್ತಕವನ್ನು ಒಮ್ಮೆಯೂ ತೆರೆದಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹುಟ್ಟಿದವರು.

ಇವತ್ತು ತೆರೆದದ್ದು ಅರ್ಜಿಯಲ್ಲಿ ಈ ಥಾಮಸ್ ತೀರಿಕೊಂಡ ತಾರೀಖಿನ ಖಾನೆ ತುಂಬಲು. ಚರ್ಚಿನ ಅಂಗಳದಲ್ಲಿ ಇನ್ನು ಒಬ್ಬರನ್ನು ಹೂಳುವಷ್ಟೇ ಜಾಗ ಉಳಿದಿತ್ತು, ಟೆಬಟ್‌ಗಳ ಕಲ್ಲುಗಳ ಸಾಲಿನಲ್ಲಿ, ಗೋಡೆಯ ಬದಿ. ಊರಲ್ಲಿ ವಾಸವಿಲ್ಲದವನಿಗೆ ಅದು ಸಿಗಬೇಕಾದರೆ ಹಿರೀಕರು ಈ ಊರಿನವರಾಗಿರಬೇಕು. ಭಾನುವಾರ ಚರ್ಚಿನ ಸಮಿತಿ ಒಪ್ಪಿಯೇಬಿಟ್ಟಿತ್ತು. ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ತನಗೂ ಒಂದು ಊರಾಯಿತು ಎಂದುಕೊಂಡು ರೋಲಂಡ್ ಇಳಿಯುವ ನಿಲ್ದಾಣ ದಾಟಿಹೋಗಿದ್ದ.

ಒಂದು ಆಸೆ ಉಳಿದಿತ್ತು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಆ ಕಾಲದವರ ರೂಢಿ. ಇನ್ನೊಬ್ಬ ಥಾಮಸ್ ಇರಲೇಬೇಕು. ಅವಸರದಲ್ಲಿ ಎರಡೂ ಪುಸ್ತಕಗಳ ಪುಟ ಮಗುಚಿದ. ಮುಂದಿನ ವರ್ಷ ಹುಟ್ಟಿದ್ದು ಹೆಣ್ಣು, ಆ್ಯನ್. ಅದೇ ವಾರ ಹೂಳಿದ್ದು ತಾಯಿಯನ್ನು. ವಿಲಿಯಂ ಮತ್ತೆ ಮದುವೆಯಾಗಲಿಲ್ಲ. ಅಂದರೆ ತನ್ನ ಥಾಮಸ್ ಬೇರೆ ಯಾವುದೋ ಊರಿನವನು.

ಸತ್ತವರ ಪುಸ್ತಕ ಮುಚ್ಚುವಾಗ ಪುಟದ ಬುಡದಲ್ಲಿ ಸಣ್ಣ ಅಕ್ಷರಗಳು ಕಂಡವು. ‘ಮೂಲದಿಂದ ಟೈಪ್ ಮಾಡಿದವರು: ಬಿ. ಹರ್ನ್, ೧೯೮೩.’

ಬೆರಿಲ್ ಹರ್ನ್ ಚರ್ಚಿನ ಉಸ್ತುವಾರಿಯವಳು, ಎಂಬತ್ತು ದಾಟಿದವಳು. ರೋಲಂಡ್ ಚರ್ಚಿನೊಳಗೆ ಬಂದಾಗ ಹಿಂದಿನ ಬೆಂಚಿನ ಮೇಲೆ ಕೂತು ಮೇಣದಬತ್ತಿಯ ಹಿತ್ತಾಳೆ ಕಂಬವನ್ನು ಹಳೇ ಕಾಲುಚೀಲದಿಂದ ಉಜ್ಜುತ್ತಿದ್ದಳು.

“ಮಿಸೆಸ್ ಹರ್ನ್, ಈ ಥಾಮಸ್...”

“ಹತ್ತೊಂಬತ್ತು ದಿನ,” ಎಂದಳು ತಲೆಯೆತ್ತದೆ. “ಸಿಕ್ತಾ ಕೊನೆಗೂ?”

ರೋಲಂಡ್ ಎದುರಿನ ಬೆಂಚಿನಲ್ಲಿ ಕೂತ.

“ನಿಮಗೆ ಯಾವಾಗಿಂದ ಗೊತ್ತು?”

“ಟೈಪ್ ಮಾಡಿದ್ದು ನಾನೇ ಅಲ್ವಾ. ಅವತ್ತು ನೀವು ಪಟ ಹಿಡ್ಕೊಂಡು ಬಂದ್ರಿ ನೋಡಿ, ಮೊದಲ್ನೇ ವರ್ಷ. ಮುಖ ಎಷ್ಟು ಅರಳಿತ್ತು. ಹೇಗೆ ಹೇಳೋದು? ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ನೀವು ಗುರುವಾರ ಗುರುವಾರ ಬಿಸ್ಕತ್ತು ತರೋಕೆ ಶುರು ಮಾಡಿದ್ರಿ.”

“ಸಮಿತಿಯವರಿಗೆ?”

“ಅವರೇನು ಹೊರಗಿನವರಾ? ಊರಲ್ಲಿ ಎಲ್ಲರಿಗೂ ಗೊತ್ತು. ಯಾರೂ ಇಲ್ಲದ ಮನುಷ್ಯ, ಇರ್ಲಿ ಪಾಪ, ಅಂದ್ರು.”

ಪಾಪ. ರೋಲಂಡ್‌ಗೆ ‘ನಮ್ಮೂರ ಟೆಬಟ್’ ಎಂದು ಪಬ್ಬಿನಲ್ಲಿ ಬೆನ್ನು ತಟ್ಟಿದ ಕೈಗಳೆಲ್ಲ ನೆನಪಾದವು. ನಾಚಿಕೆಯಾಯಿತು. ತಾನೇ ಬೇಕೆಂದು ಸುಳ್ಳು ಹೇಳಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

“ಮತ್ತೆ ಕೆನ್‌ಗೆ?”

ಬೆರಿಲ್ ಕಂಬವನ್ನು ಬೆಳಕಿಗೆ ಹಿಡಿದು ನೋಡಿದಳು. ಕೆನ್ ನಲವತ್ತೊಂದು ವರ್ಷದಿಂದ ಈ ಅಂಗಳದ ಹುಲ್ಲು ಕತ್ತರಿಸುತ್ತಿದ್ದವನು. ಆ ಜಾಗಕ್ಕೆ ಅವನೂ ಅರ್ಜಿ ಹಾಕಿದ್ದ. ಹಿರೀಕರ ಕಾಲದಿಂದಲೂ ಅವನ ಮನೆ ಹಳ್ಳದ ಆಚೆ, ಪಕ್ಕದ ಊರಿನ ಲೆಕ್ಕಕ್ಕೆ ಬರುತ್ತದೆ.

“ಅವನೇನೂ ಅಂದಿಲ್ಲ,” ಎಂದಳು. “ಅಂತೂ ಆ ಖಾನೆ ತುಂಬಿಬಿಡಿ.”

“ಏನಂತ ತುಂಬ್ಲಿ?”

“ಯಾವುದಾದ್ರೂ ಒಂದು ತಾರೀಖು ಹಾಕಿ. ಪಾದ್ರಿಗಳಿಗೆ ಐದು ಊರು. ನೋಡೋಕೆ ಪುರುಸೊತ್ತೆಲ್ಲಿ. ಹೋಗಿ, ಜಾಗ ಗುರುತು ಹಾಕ್ಬೇಕಂತೆ, ಕೆನ್ ಕಾಯ್ತಿದ್ದಾನೆ.”

ಹೊರಗೆ ಬಿಸಿಲು ಹಿತವಾಗಿತ್ತು. ಗೋಡೆಯ ಬದಿ ಹುಲ್ಲು ಮೊಳಕಾಲಿಗೆ ಬಂದಿತ್ತು. ಕೆನ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಒರಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

“ಬನ್ನಿ ಮೇಷ್ಟ್ರೇ. ಅಲ್ಲಿ ನಿಂತ್ಕೊಳ್ಳಿ, ಅಂದಾಜು ಸಿಗುತ್ತೆ. ಹಾಂ, ಅಲ್ಲೇ. ಸುತ್ತ ಕತ್ತರಿಸ್ತೀನಿ, ನಿಮ್ಮ ತುಂಡು ಹಾಗೇ ಬಿಡ್ತೀನಿ. ಗುರುತಿಗೆ.”

“ಕೆನ್, ನೀವು... ನಿಮಗೆ ಎಲ್ಲಿ?”

“ನಂಗೆ ಹಳ್ಳದಾಚೆ. ಹೊಸ ಜಾಗ, ನೀಟಾಗಿದೆ.” ಕೆನ್ ಅಂಗಿಗೆ ಕೈ ಒರೆಸಿಕೊಂಡ. “ಅಲ್ಲಿ ಯಾರ ಮೇಲಿನ ಹುಲ್ಲನ್ನೂ ನಾನು ಕತ್ತರಿಸಿಲ್ಲ. ಪರಿಚಯ ಇಲ್ಲ, ಅಷ್ಟೆ.”

“ಇದು ಖಾಲಿ ಜಾಗ ತಾನೇ?” ಯಾಕೆ ಕೇಳಿದೆನೆಂದು ರೋಲಂಡ್‌ಗೇ ತಿಳಿಯಲಿಲ್ಲ.

“ಖಾಲಿ ಎಲ್ಲಿಂದ ಬಂತು ಮೇಷ್ಟ್ರೇ. ಕಲ್ಲಿಲ್ಲ ಅಷ್ಟೆ. ಟೆಬಟ್‌ಗಳ ಮಗು ಒಂದಿದೆ ಅಂತ ನಮ್ಮಜ್ಜ ಹೇಳ್ತಿದ್ದ. ಸಣ್ಣದು, ನಿಮಗೇನೂ ಅಡ್ಡ ಬರಲ್ಲ.”

ಈಗಲೇ ಹೇಳಬೇಕು, ಜಾಗ ನಿಮಗೇ ಇರಲಿ ಎಂದು. ಮೂರೇ ಪದ. ರೋಲಂಡ್ ಬಾಯಿ ತೆರೆದ. ಕೆನ್ ಯಂತ್ರದ ದಾರ ಎಳೆದ.

ಆ ಗದ್ದಲದಲ್ಲಿ ಹೇಳಿದ್ದು ತನಗೇ ಕೇಳಿಸಲಿಲ್ಲ. ಹೇಳಿದೆನೋ ಇಲ್ಲವೋ ಎಂದೂ ಗೊತ್ತಾಗಲಿಲ್ಲ. ಕೆನ್ ತಲೆ ತಗ್ಗಿಸಿ ಸುತ್ತು ಹಾಕಿದ, ಮತ್ತೊಂದು ಸುತ್ತು, ಇನ್ನೊಂದು. ಮೂಲೆಗಳನ್ನು ನೇರವಾಗಿ, ಅಚ್ಚುಕಟ್ಟಾಗಿ ತೆಗೆದ. ನಾಲ್ಕನೇ ಸುತ್ತಿಗೆ ಯಂತ್ರವನ್ನು ತಳ್ಳಿಕೊಂಡು, ಕೈಯೆತ್ತಿ, ಗೇಟು ದಾಟಿ ಹೊರಟುಹೋದ.

ಅಂಗಳವೆಲ್ಲ ನುಣ್ಣಗಾಗಿತ್ತು. ಆರಡಿ ಉದ್ದ, ಮೂರಡಿ ಅಗಲದ ಹುಲ್ಲು ಮಾತ್ರ ಎದ್ದು ನಿಂತಿತ್ತು. ಅದರ ನಡುವೆ ಅವನಿದ್ದ. ಅರ್ಜಿ ಜೇಬಿನಲ್ಲಿತ್ತು, ಖಾನೆ ಖಾಲಿಯಿತ್ತು. ಮೂರೂವರೆಯ ಬಸ್ಸು ರಸ್ತೆಯಲ್ಲಿ ಬಂದು, ನಿಂತು, ಹೋಯಿತು.

ಹೊರಗೆ ಬರಲು ರೋಲಂಡ್ ಒಂದು ಕಾಲೆತ್ತಿದ. ಆ ಮಗು ಯಾವ ಬದಿಗಿದೆಯೆಂದು ಕೆನ್‌ನನ್ನು ಕೇಳಿರಲಿಲ್ಲ. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ.