ಹೊರಗಿನ ವಾಸನೆ

ಡೊಂಬಿವಲಿ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ಪಕ್ಕದ ಕಾಲೇಜಿನಲ್ಲಿ ಮೈಸೂರಿನ ಯಾಮಿನಿ ಪಾಶ್ಚಾತ್ಯ ತತ್ತ್ವಶಾಸ್ತ್ರ ಕಲಿಸುತ್ತಿದ್ದಳು. ಇಂದ್ರಿಯಗಳನ್ನು ನಂಬಬೇಡಿ, ಎಲ್ಲವನ್ನೂ ಸಂಶಯಿಸಿ ಎಂಬ ಪಾಠ ನಡೆದಿತ್ತು. ವಿಜಯಪುರದ ಕಡೆಯ ಮಲ್ಲಿಕಾ ಎದ್ದು ನಿಂತಳು.

“ಮೇಡಮ್, ಇವತ್ತಿನ ವಾಸ್ನಿ ಬ್ಯಾರೆ ಐತ್ರಿ. ಅವ್ವ ಫ್ಯಾಕ್ಟರಿಯೊಳಗ ಅದಾಳ. ಒಂದ್ ಫೋನ್ ಮಾಡ್ಲೇನ್ರಿ?”

ಕೆಮಿಕಲ್ ವಾಸನೆ ಆ ಊರಿಗೆ ಹೊಸದಲ್ಲ. ಪಾಠದ ನಡುವೆ ಉದಾಹರಣೆ ತಾನಾಗಿ ಸಿಕ್ಕರೆ ಮೇಷ್ಟರಿಗೆ ಒಂದು ಖುಷಿಯಾಗುತ್ತದಲ್ಲ, ಯಾಮಿನಿಗೂ ಅದೇ ಆಯಿತು.

“ವಾಸನೆ ಹೊರಗಿದೆಯೋ, ನಿನ್ನ ಮನಸ್ಸಿನಲ್ಲಿದೆಯೋ? ಮೊದಲು ಅದನ್ನು ಸಾಧಿಸಿ ತೋರಿಸು,” ಎಂದು ಕನ್ನಡದಲ್ಲಿ ಹೇಳಿ, ಉಳಿದವರಿಗಾಗಿ ಹಿಂದಿಯಲ್ಲೂ ಹೇಳಿದಳು. ಕ್ಲಾಸು ನಕ್ಕಿತು. ಮಲ್ಲಿಕಾ ಫೋನನ್ನು ಬ್ಯಾಗಿಗೆ ಹಾಕಿ ಕೂತಳು. ಅವಳು ಉತ್ತರ ಹುಡುಕುತ್ತಿರುವಾಗಲೇ ಫ್ಯಾಕ್ಟರಿಯ ಕಡೆಯಿಂದ ದೊಡ್ಡ ಸದ್ದಾಗಿ, ಕಿಟಕಿಯ ಗಾಜೆಲ್ಲ ಒಡೆದು ಬೆಂಚುಗಳ ಮೇಲೆ ಬಿತ್ತು.

ಅವಳ ಅವ್ವ ಚಂದವ್ವ ಮನೆಗೆ ಮರಳಲಿಲ್ಲ.

ಕಾಲೇಜು ಮತ್ತೆ ತೆರೆದಾಗ ಮಲ್ಲಿಕಾ ಅದೇ ಬೆಂಚಿನಲ್ಲಿದ್ದಳು. ಕ್ಷಮೆಯ ಮಾತನ್ನು ಯಾಮಿನಿ ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು, ಆದರೆ ಹಾಜರಿ ಪುಸ್ತಕ ತೆರೆದಳು. ಕಾರ್ಖಾನೆ ಸುಟ್ಟು ನಿಂತಿತ್ತು. ಹೊಸ ಗಾಜಿನ ಕಿಟಕಿಯಿಂದ ಬರುತ್ತಿದ್ದ ಗಾಳಿಯಲ್ಲಿ ಯಾವ ವಾಸನೆಯೂ ಇರಲಿಲ್ಲ.

ಮಲ್ಲಿಕಾ ನಿಧಾನವಾಗಿ ಎದ್ದಳು.

“ಆ ವಾಸ್ನಿ ನನಗ ಇನ್ನೂ ಬರಾಕತ್ತೈತ್ರಿ, ಮೇಡಮ್. ಹೊರಗೈತೋ, ನನ್ನ ಮನಸ್ಸಿನ್ಯಾಗ ಐತೋ, ಈಗ ನೀವು ಹೇಳ್ರಿ.”