ಅಪ್ಪಿಯ ಬರಿ

ನೆರೂಳದ ದ್ರೌಪದಿಯ ಮನೆಯಲ್ಲಿ ಮದುವೆ ಮಾತು ಹೆಚ್ಚುಕಡಿಮೆ ಮುಗಿದಿತ್ತು. ಹುಡುಗ ಅವರ ಮಗ ಜಯೇಶ್ ಕುಂದರ್, ಹುಡುಗಿ ಡೊಂಬಿವಲಿಯ ಜಯಶೀಲಳ ಮಗಳು ಪ್ರೇಕ್ಷಾ ಸಾಲಿಯಾನ್. ರಬಾಳೆಯ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಾ ತಾವೇ ಮೆಚ್ಚಿಕೊಂಡವರು. ತಾಯಿ ಮಗಳು ಹೊರಡುವಾಗ ದ್ರೌಪದಿ ಸಹಜವಾಗಿ ಕೇಳಿದರು, "ನಿಮ್ಮದು ಯಾವ ಬರಿ?"

"ಸಾಲಿಯಾನ್ ಹೀ ತೋ ಹೈ, ಆಂಟಿ," ಎಂದಳು ಪ್ರೇಕ್ಷಾ.

"ಅದು ಅಪ್ಪನ ಸರ್‌ನೇಮ್ ಮಗಾ. ಬರಿ ಅಂದ್ರೆ ಕುಲ, ಅದು ಬರುವುದು ತಾಯಿಯಿಂದ."

ಜಯಶೀಲಳಿಗೆ ಅನುಮಾನವೇ ಇರಲಿಲ್ಲ. ಅವಳ ತಾಯಿ ಅಪ್ಪಿ ಸಾಯುವವರೆಗೂ ಹೇಳುತ್ತಿದ್ದದ್ದು ಒಂದೇ. "ಬಂಗೇರ, ಅಕ್ಕ," ಎಂದಳು.

ದ್ರೌಪದಿಯ ಮುಖ ಸಪ್ಪಗಾಯಿತು. "ನಂದೂ ಬಂಗೇರವೇ. ಹಾಗಾದ್ರೆ ಇವರು ಅಣ್ಣ ತಂಗಿ ಆದ್ರಲ್ಲ, ಮದುವೆ ಹೇಗೆ!"

ಮರುದಿನವೇ ಜಯಶೀಲ ಮಾಜಿವಾಡಾಕ್ಕೆ ಓಡಿದಳು. ಅಲ್ಲಿ ಅಪ್ಪಿಯ ಅಣ್ಣ, ಎಂಬತ್ತರ ದೇವದಾಸ್ ಮಾವ ಇದ್ದರು. ಎಲ್ಲ ಕೇಳಿ ಅವರು ಎದ್ದು ಬಾಗಿಲು ಮುಚ್ಚಿ ಬಂದರು.

"ನಿನ್ನ ಮಗಳ ಬಾಳಿನ ಪ್ರಶ್ನೆ, ಅದಕ್ಕೇ ಹೇಳ್ತೇನೆ. ಅಪ್ಪಿ ನನ್ನ ಒಡಹುಟ್ಟಿದವಳಲ್ಲ ಮಗಾ. ಮಂಗಳೂರು ಬಂದರಿನ ಹತ್ತಿರ ಅಳುತ್ತಾ ನಿಂತಿದ್ಲು, ಮೂರು ವರ್ಷ ಇರಬಹುದು. ನಮ್ಮಮ್ಮ ಎತ್ತಿಕೊಂಡು ಬಂದ್ರು. ಹೆಸರೂ ಗೊತ್ತಿರಲಿಲ್ಲ, ಅಪ್ಪಿ ಅಂತ ಕರೆದದ್ದೂ ನಾವೇ. ಅವಳಿಗೆ ಇದನ್ನ ಯಾರೂ ಹೇಳಲಿಲ್ಲ."

ಜಯಶೀಲಳಿಗೆ ಮೊದಲು ಅನ್ನಿಸಿದ್ದು ನೆಮ್ಮದಿ. ಬಂಗೇರ ಅಲ್ಲ ಎಂದಮೇಲೆ ಅಡ್ಡಿ ಎಲ್ಲಿ? ಮೆಟ್ಟಿಲು ಇಳಿಯುವಾಗ ಇನ್ನೊಂದು ಪ್ರಶ್ನೆ ಎದ್ದಿತು. ಅಮ್ಮ ಹಾಗಾದರೆ ಯಾರು?

ಪ್ರೇಕ್ಷಾ ಧೈರ್ಯ ತುಂಬಿದಳು. "ಮಮ್ಮಿ, ಸಬ್ ಆನ್‌ಲೈನ್ ಮಿಲ್ತಾ ಹೈ." ಎರಡು ವಾರ ಮೊಬೈಲ್ ತಡಕಿದಳು. ಸಿಕ್ಕಿದ್ದು ನೂರಾರು ಅಪ್ಪಿಯರು. ಜಯಶೀಲ ಟ್ರಂಕಿನಿಂದ ಅಮ್ಮನ ಕಾಗದಗಳನ್ನೆಲ್ಲ ತೆಗೆದಳು. ಶಾಲೆಯ ಸರ್ಟಿಫಿಕೇಟು, ರೇಷನ್ ಕಾರ್ಡು, ಮರಣ ಪತ್ರ. ಎಲ್ಲದರಲ್ಲೂ ತಂದೆಯ ಜಾಗದಲ್ಲಿ ದೇವದಾಸರ ತಂದೆಯ ಹೆಸರೇ. ಸಾಕಿದವರು ಪ್ರೀತಿಯಿಂದ ಬರೆಸಿದ್ದು ಈಗ ಗೋಡೆಯಂತೆ ನಿಂತಿತ್ತು.

ಆದರೂ ಮತ್ತೆ ನೆರೂಳಕ್ಕೆ ಹೋದಳು. ದ್ರೌಪದಿ ಕಾಗದಗಳನ್ನು ಒಂದೊಂದಾಗಿ ನೋಡಿ ಮಡಚಿಟ್ಟರು.

"ಇದರಲ್ಲೆಲ್ಲ ನಿಮ್ಮಮ್ಮ ಆ ಮನೆಯ ಮಗಳು ಅಂತಲೇ ಉಂಟಲ್ಲ."

"ಮಾವನೇ ಹೇಳಿದ್ದು ಅಕ್ಕ. ಬೇಕಾದ್ರೆ ಫೋನ್ ಮಾಡಿ. ಡಿಎನ್‌ಎ ಟೆಸ್ಟ್ ಮಾಡಿಸ್ತೇವೆ ಅಂತಾಳೆ ಪ್ರೇಕ್ಷಾ."

"ನಿಮ್ಮ ಮಾತು ಸುಳ್ಳು ಅನ್ನೋದಿಲ್ಲ ನಾನು. ಬಂಗೇರ ಅಲ್ಲ ಅಂತಲೇ ಇಟ್ಟುಕೊಳ್ಳುವ. ಹಾಗಾದ್ರೆ ಯಾವುದು? ಹುಡುಕಿ ನೋಡಿದ್ರೆ ಅದೂ ನಮ್ಮದೇ ಆಗಿದ್ರೆ?"

ಜಯಶೀಲ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು. ಯಾವ ಟೆಸ್ಟೂ ಬರಿಯ ಹೆಸರು ಹೇಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ದ್ರೌಪದಿ ಒಳ್ಳೆಯವರು, ಊಟ ಮಾಡಿಸಿಯೇ ಕಳಿಸಿದರು. ಊಟದುದ್ದಕ್ಕೂ ಜಯೇಶ್ ತಲೆ ಎತ್ತಲಿಲ್ಲ.

ತಿಂಗಳೊಳಗೆ ಅವನು ಪುಣೆಗೆ ವರ್ಗ ಮಾಡಿಸಿಕೊಂಡ. ಪ್ರೇಕ್ಷಾ ಅಮ್ಮನೊಂದಿಗೆ ಮಾತು ಕಡಿಮೆ ಮಾಡಿದಳು. ಒಮ್ಮೆ ಮಾತ್ರ, ಟಿಫಿನ್ ತೆಗೆದುಕೊಳ್ಳುತ್ತಾ ಹೇಳಿದಳು, "ಪೆಹಲೆ ದಿನ್ ಬರಿ ಸಾಲಿಯಾನ್ ಬೋಲ್ ದೇತೀ ತೋ? ಒಂದು ಸುಳ್ಳು, ಬಸ್."

ಆ ಭಾನುವಾರ ದೇವದಾಸರ ಫೋನ್ ಬಂತು.

"ಮಗಾ, ಏನಾಯ್ತು? ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತಾ?"

"ಊಟ ಆಯ್ತಾ, ಮಾವ?" ಎಂದಳು ಜಯಶೀಲ. ಆ ಕಡೆಯಿಂದ ಮುದುಕ ಅಳುತ್ತಿರುವುದು ಕೇಳಿಸಿತು.